ಮಾಲೆ ತೆಗೆಯದ ಅಂಜನಮೂರ್ತಿ

ಅಂಜನಮೂರ್ತಿಯ ಕಾಲಿಗೆ ಮೊಟ್ಟಮೊದಲು ಬಿದ್ದವರು ಅವನ ಸಾಹೇಬರು. ಅದಕ್ಕೆ ಒಂದು ವಾರ ಮುಂಚೆ ಅದೇ ಸಾಹೇಬರು ಅದೇ ಕೋಣೆಯಲ್ಲಿ, ಟೀ ಆರಿಹೋಗಿದೆ ಎಂಬ ಮಹಾಪರಾಧಕ್ಕೆ, “ಏನ್ಲಾ, ಬೆಳಿಗ್ಗೆನೇ ಏರಿಸ್ಕಂಡ್ ಬಂದಿದೀಯಾ” ಎಂದು ಇಡೀ ಕಚೇರಿಗೆ ಕೇಳುವಂತೆ ಉಗಿದಿದ್ದರು. ಏರಿಸಿಕೊಂಡು ಬಂದದ್ದು ಸುಳ್ಳೇನಲ್ಲ. ವಾರ ಕಳೆಯುವಷ್ಟರಲ್ಲಿ ಅಂಜನಮೂರ್ತಿ ಕಪ್ಪು ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಅಯ್ಯಪ್ಪನ ಮಾಲೆ ಹಾಕಿಕೊಂಡು, ಬರಿಗಾಲಲ್ಲಿ ಫ್ಲಾಸ್ಕ್ ಹಿಡಿದು ಒಳಗೆ ಬಂದ. ಸಾಹೇಬರು ಕುರ್ಚಿಯಿಂದ ಎದ್ದರು, ಹೊಟ್ಟೆ ಅಡ್ಡ ಬಂದರೂ ಬಗ್ಗಿದರು, ಅವನ ಧೂಳು ಮೆತ್ತಿದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. “ಸ್ವಾಮಿ, ನೀವ್ಯಾಕೆ ಟೀ ತರೋಕೆ ಹೋದ್ರಿ” ಎಂದರು. ಅಂಜನಮೂರ್ತಿಗೆ ತನಗೆ ಎಚ್ಚರವಿದೆಯೋ ಇಲ್ಲವೋ ಎಂದು ಅನುಮಾನವಾಯಿತು. ಎಚ್ಚರವಿತ್ತು. ಹತ್ತು ವರ್ಷಗಳಲ್ಲಿ ಅಷ್ಟು ಎಚ್ಚರ ಎಂದೂ ಇರಲಿಲ್ಲ.

ಇದು ತೊಂಬತ್ತನಾಲ್ಕರ ಮಾತು. ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಡೆದದ್ದು. ಯಾವ ಕಚೇರಿ ಎಂದು ಕೇಳಬೇಡಿ, ಗುಬ್ಬಿಯಲ್ಲಿ ಕಚೇರಿಗಳಿಗೆ ಬರವಿಲ್ಲ. ಅಂಜನಮೂರ್ತಿ ಅಲ್ಲಿ ಅಟೆಂಡರ್. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಹೆಂಡತಿ ಪ್ರಮೀಳಾ, ಮಗಳು ಹೇಮಲತಾ. ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿಬರುತ್ತಿದ್ದ. ಹೋಗುವಾಗ ಕಿಟಕಿಯ ಪಕ್ಕ ಕೂತು ಹೋಗುತ್ತಿದ್ದ, ಬರುವಾಗ ಯಾರು ಕೂರಿಸಿದರೋ ಅಲ್ಲಿ ಕೂತು ಬರುತ್ತಿದ್ದ. ಆ ಕಾಲದಲ್ಲಿ ಸಾರಾಯಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಬಾಯಿಗೆ ಹಿಂಡಿಕೊಂಡರೆ ಮುಗಿಯಿತು, ಲೋಟದ ಹಂಗೂ ಇಲ್ಲ. ಮಕ್ಕಳಿಗೆ ಐಸ್ ಕ್ಯಾಂಡಿ ಸಿಗುವಷ್ಟೇ ಸಲೀಸಾಗಿ ಅಪ್ಪಂದಿರಿಗೆ ಅದು ಸಿಗುತ್ತಿತ್ತು.

ಬಿಡಿಸಲು ಮನೆಯವರು ಮಾಡದ ಪ್ರಯತ್ನವಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ “ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ” ಎಂದು ಬರೆಸಿದ್ದವರ ಹತ್ತಿರ ಪ್ರಮೀಳಾ ಪುಡಿ ತಂದು ಸಾರಿಗೆ ಹಾಕಿದಳು. ಆ ದಿನ ಊಟಕ್ಕೆ ಬಂದಿದ್ದ ಅವಳ ಅಮ್ಮ ಅದೇ ಸಾರು ಉಂಡು ವಾಂತಿ ಮಾಡಿ ಮಲಗಿದರು. ಅಂಜನಮೂರ್ತಿ ಎರಡು ಸಲ ಬಡಿಸಿಕೊಂಡು, ಸಾರು ಚೆನ್ನಾಗಿದೆ ಎಂದು ಹೊಗಳಿ, ಎದ್ದು ಸಾರಾಯಿ ಅಂಗಡಿಗೆ ಹೋದ. ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಸಿದರು, ಮಾಡಿದ. ಪಕ್ಕದ ಮನೆಯ ಮಸ್ತಾನ್ ಬೀ ದರ್ಗಾದಿಂದ ತಾಯಿತ ತಂದು ಕಟ್ಟಿದರು, ಕಟ್ಟಿಸಿಕೊಂಡ. ಯಾರು ಏನು ಮಾಡಿದರೂ ಬೇಡ ಅನ್ನದ ಮನುಷ್ಯ. ಬೇಡ ಅನ್ನುವುದು ಬಂದಿದ್ದರೆ ಮೊದಲು ಸಾರಾಯಿಗೇ ಅನ್ನುತ್ತಿದ್ದನಲ್ಲ.

ಕೊನೆಗೆ ಕೈ ಹಿಡಿದವರು ಕದರಯ್ಯ. ಹಿಂದೆ ಲಾರಿ ಓಡಿಸುತ್ತಿದ್ದು ಈಗ ಅಯ್ಯಪ್ಪ ಭಕ್ತರಿಗೆ ಗುರುಸ್ವಾಮಿಯಾಗಿದ್ದವರು. ಪ್ರತಿ ಕಾರ್ತೀಕದಲ್ಲಿ ಶೆಟ್ಟಿಹಳ್ಳಿಯವರಿಗೆಲ್ಲ ಮಾಲೆ ಹಾಕಿಸಿ, ಒಂದು ಮಂಡಲ ವ್ರತ ಮಾಡಿಸಿ, ಶಬರಿಮಲೆಗೆ ಕರೆದುಕೊಂಡು ಹೋಗಿಬರುತ್ತಿದ್ದರು. ಮಾಲೆ ಇರುವಷ್ಟು ದಿನ ಮಾಂಸವಿಲ್ಲ, ಮದ್ಯವಿಲ್ಲ, ಚಪ್ಪಲಿಯಿಲ್ಲ, ಹೆಂಡತಿಯ ಹಾಸಿಗೆಯಿಲ್ಲ, ಎರಡು ಹೊತ್ತು ತಣ್ಣೀರು ಸ್ನಾನ. ಅಂಜನಮೂರ್ತಿ ಮಾಲೆ ಹಾಕಿಕೊಂಡ ಮೂರನೆಯ ಸಂಜೆ ಭಜನೆಯಲ್ಲಿ ಗಡಗಡ ನಡುಗತೊಡಗಿದ, ಬೆವರಿನಲ್ಲಿ ತೊಯ್ದುಹೋದ. ಮೈಮೇಲೆ ದೇವರು ಬಂದಿದೆ ಎಂದು ಎಲ್ಲರೂ ಶರಣು ಕೂಗಿದರು. ಮೈಮೇಲೆ ಬಂದದ್ದು ದೇವರಲ್ಲ, ಸಾರಾಯಿ ಸಿಗದ ಮೈಯ ರಂಪಾಟ ಅದು. ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿದ್ದವನಿಗೆ ಮಂಗಳಾರತಿ ಎತ್ತಿದರು. ಹಾಗೆ ಒಮ್ಮೆಗೇ ನಿಲ್ಲಿಸಿ ಸತ್ತವರೂ ಇದ್ದಾರೆ. ಇವನು ಬದುಕಿಕೊಂಡ.

ವಾರದ ಮೇಲೆ ನಡುಕ ನಿಂತಿತು. ಆಮೇಲೆ ನಡೆದದ್ದು ಪ್ರಮೀಳಾಗೆ ಅರ್ಥವೇ ಆಗಲಿಲ್ಲ. ಅವನಿಗೆ ಕುಡಿತದ ನೆನಪೇ ಆಗುತ್ತಿರಲಿಲ್ಲ. ಸಾರಾಯಿ ಅಂಗಡಿಯ ಮುಂದೆ ಬರಿಗಾಲಲ್ಲಿ ನಡೆದುಹೋಗುತ್ತಿದ್ದ, ಒಳಗಿದ್ದ ಕುಡುಕರೇ ಎದ್ದು ಕೈ ಮುಗಿಯುತ್ತಿದ್ದರು. ಯಾತ್ರೆ ಮುಗಿಸಿ ಬಂದು, ದೀಪದ ಮುಂದೆ ಮಾಲೆ ತೆಗೆದು, ಸೋಮವಾರ ಪ್ಯಾಂಟು ಹಾಕಿಕೊಂಡು ಕಚೇರಿಗೆ ಹೋದ. “ಏನ್ಲಾ ಮೂರ್ತಿ, ಸಾಮಿ ಬೆಟ್ಟ ಇಳಿದ್ರಾ? ಹೋಗು, ಟೀ ತಗಂಬಾ” ಎಂದರು ಸಾಹೇಬರು. ಸಂಜೆಗೆ ಅಂಜನಮೂರ್ತಿ ಅಂಗಡಿಯಲ್ಲಿದ್ದ. ಅಂಗಡಿಯವನು ಮೊದಲ ಪ್ಯಾಕೆಟ್ಟಿಗೆ ದುಡ್ಡು ತಗೊಳ್ಳಲಿಲ್ಲ, ಪ್ರಸಾದ ಅಂದ.

ಹೀಗೇ ವರ್ಷಗಳು ಉರುಳಿದವು. ಎರಡು ತಿಂಗಳು ಸ್ವಾಮಿ, ಹತ್ತು ತಿಂಗಳು ಕುಡುಕ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ, ಅರ್ಧ ಊರೇ ಹಾಗಿತ್ತು. ತಲೆ ಕೆಡಿಸಿಕೊಂಡವನು ಒಬ್ಬನೇ, ಮಸ್ತಾನ್ ಬೀಯ ಮಗ ಖಲೀಲುಲ್ಲಾ. ಶಿರಾ ಗೇಟಿನಲ್ಲಿ ಅವನದು ವೆಲ್ಡಿಂಗ್ ಶಾಪು. ಒಂದು ಕಾಲಕ್ಕೆ ಅವನೂ ಕುಡಿದು ಗೇಟುಗಳನ್ನೆಲ್ಲ ಸೊಟ್ಟಗೆ ಬೆಸೆದು ಗಿರಾಕಿಗಳ ಕೈಲಿ ಬೈಸಿಕೊಂಡವನೇ.

“ಮೂರ್ತಿ ಭಾಯ್, ನಾನೂ ರಂಜಾನ್ ಕುಡುಕ ಆಗಿದ್ದೆ” ಎಂದ ಅವನು ಒಮ್ಮೆ. “ರಂಜಾನಲ್ಲಿ ಒಂದು ಹನಿ ಮುಟ್ತಿರ್ಲಿಲ್ಲ. ಈದ್ ಚಂದ್ರ ಕಂಡ್ರೆ ಸಾಕು, ಊರೆಲ್ಲಾ ಸೇಮಿಯಾ ತರೋಕೆ ಹೋದ್ರೆ ನಾನು ಬೇರೆ ಕಡೆ ಹೋಗ್ತಿದ್ದೆ. ಬಿಡೋಕೆ ನಂಗೂ ಬರ್ತಿತ್ತು, ನಿಂಗೂ ಬರುತ್ತೆ. ಮತ್ತೆ ಯಾಕೆ ಹಿಡ್ಕೋತೀವಿ, ಅದು ಹೇಳು.”

“ರುಚಿ ಕಣೋ.”

“ಆ ಸಾರಾಯಿಗೆ ರುಚಿನಾ? ಸೀಮೆಎಣ್ಣೆ ವಾಸಿ.”

ಖಲೀಲುಲ್ಲಾ ಪ್ರತಿ ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರೆಲ್ಲ ಸೇರುವ ಸಭೆಗೆ ಹೋಗುತ್ತಿದ್ದ, ಇವನನ್ನೂ ಕರೆದ. ಕುಡುಕರ ಸಭೆಗೆ ಹೋಗುವುದಕ್ಕೆ ನಾನೇನು ಕುಡುಕನೇ ಎಂದು ಅಂಜನಮೂರ್ತಿ ಕೇಳಿದ. ಆಗ ಅವನ ಬಾಯಿ ವಾಸನೆಗೆ ಖಲೀಲುಲ್ಲಾ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ.

ಎರಡು ಸಾವಿರದ ಎರಡರಲ್ಲಿ ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಂಜನಮೂರ್ತಿಗೆ ಡಾಕ್ಟರ ಮಾತಿಗಿಂತ ಪ್ರಮೀಳಾಳ ಮಾತು ನಾಟಿತು. “ಈ ಸಲ ಮಾಲೆ ತೆಗೆದು ಕುಡಿದ್ರೆ, ನಾನು ಹೇಮನ್ನ ಕರ್ಕಂಡು ಕುಣಿಗಲ್ಲಿಗೆ ನಮ್ಮಣ್ಣನ ಮನೆಗೆ ಹೊರಟೆ. ವಾಪಸ್ ಬರಲ್ಲ” ಎಂದಳು. ಅವಳು ಬೆದರಿಸಲು ಹೇಳಿದ್ದಲ್ಲ, ಅಣ್ಣನಿಗೆ ಆಗಲೇ ಫೋನ್ ಮಾಡಿಯಾಗಿತ್ತು.

ಅಂಜನಮೂರ್ತಿ ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದ ಬುದ್ಧಿವಂತ. ಬುದ್ಧಿ ಓಡಿಸಿದ. ಮಾಲೆ ತೆಗೆದರೆ ತಾನೇ ಕುಡಿಯುವುದು? ಸಂಕ್ರಾಂತಿ ಕಳೆದು ಯಾತ್ರೆಯಿಂದ ಬಂದವನು ಮಾಲೆ ತೆಗೆಯಲೇ ಇಲ್ಲ.

ಮೊದಲ ತಿಂಗಳು ಪ್ರಮೀಳಾ ಖುಷಿಪಟ್ಟಳು. ಎರಡನೆಯ ತಿಂಗಳು ಸಹಿಸಿದಳು. ಯುಗಾದಿಯ ಹೊತ್ತಿಗೆ ಮನೆಯೊಳಗೆ ಉಸಿರು ಕಟ್ಟತೊಡಗಿತು. ಸ್ವಾಮಿಗಳು ನಸುಕಿಗೇ ಎದ್ದು ತಣ್ಣೀರು ಸುರಿದುಕೊಂಡು ಶರಣು ಕೂಗಿದರೆ ಬೀದಿಗೆಲ್ಲ ಎಚ್ಚರವಾಗಬೇಕು. ಅಡುಗೆ ಮಡಿಯಲ್ಲಾಗಬೇಕು. ತಿಂಗಳ ಆ ಮೂರು ದಿನ ಹೆಂಡತಿ ಮನೆಯಲ್ಲಿರಕೂಡದು. ವರ್ಷಕ್ಕೆ ಒಂದೋ ಎರಡೋ ಸಲವಾದರೆ ಹೇಗೋ ನಡೆಯುತ್ತಿತ್ತು, ಈಗ ಪ್ರತಿ ತಿಂಗಳೂ ಪ್ರಮೀಳಾ ಚಾಪೆ ಸುತ್ತಿಕೊಂಡು ಮಸ್ತಾನ್ ಬೀ ಮನೆಗೆ ಹೋಗಿ ಮಲಗಬೇಕಾಯಿತು. “ನಿನ್ ಗಂಡಂಗೆ ದೇವ್ರನ್ನ ಕಂಡ್ರೆ ಅಷ್ಟು ಪ್ರೀತಿನಾ, ನಿನ್ನ ಕಂಡ್ರೆ ಅಷ್ಟು ಭಯನಾ ಬೇಟಿ” ಎಂದು ಮುದುಕಿ ಕೇಳಿದರು. ಪ್ರಮೀಳಾ ನಕ್ಕಳು, ಆಮೇಲೆ ಅತ್ತಳು.

ಕಚೇರಿಯ ಕಥೆ ಇನ್ನೂ ಚೆಂದ. ಅರ್ಜಿ ಹಿಡಿದು ಬಂದ ಹಳ್ಳಿಯವರು ಮೊದಲು ಬಾಗಿಲಲ್ಲಿ ಕೂತ ಸ್ವಾಮಿಯ ಕಾಲಿಗೆ ಬೀಳುತ್ತಿದ್ದರು. ಸ್ವಾಮಿ ಕಣ್ಣು ಅರ್ಧ ಮುಚ್ಚಿ “ಆಗುತ್ತೆ, ಹೋಗಿಬಾ” ಎನ್ನುತ್ತಿದ್ದರು. ಸ್ಟೂಲು ಹೋಗಿ ಕುರ್ಚಿ ಬಂದಿತ್ತು. ಸಾಹೇಬರು ಟೀ ಬೇಕಾದರೆ ತಾವೇ ರಸ್ತೆ ದಾಟಿ ಹೋಗಿ ಕುಡಿದು ಬರಬೇಕಿತ್ತು. “ಸ್ವಾಮಿ, ತಮ್ಮ ವ್ರತ ಯಾವಾಗ ಮುಗಿಯುತ್ತೆ” ಎಂದು ಅವರು ವಾರಕ್ಕೊಮ್ಮೆ ಹಲ್ಲು ಕಚ್ಚಿಕೊಂಡು ವಿಚಾರಿಸುತ್ತಿದ್ದರು. ಬೇಸಿಗೆಯ ಟಾರು ರಸ್ತೆಯಲ್ಲಿ ಅಂಗಾಲು ಬಿರಿದು ರಕ್ತ ಬಂದರೂ ಅಂಜನಮೂರ್ತಿ ಸುಖವಾಗಿದ್ದ. ಮೊದಲು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆಗೆ ಲೆಕ್ಕವಿಲ್ಲ ಎಂದು ಸಾರಾಯಿ ಬೇಕಾಗುತ್ತಿತ್ತು, ಈಗ ಅಷ್ಟೇ ನಮಸ್ಕಾರ ಬೇಕಾಗುತ್ತಿತ್ತು. ಯಾರಾದರೂ ಕಾಲು ಮುಟ್ಟದೆ ಹೋದರೆ ಇಡೀ ದಿನ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಟ ಹೋಗಿರಲಿಲ್ಲ, ಬಟ್ಟೆ ಬದಲಾಯಿಸಿಕೊಂಡು ಮನೆಯಲ್ಲೇ ಕೂತಿತ್ತು.

ಆಷಾಢದ ಒಂದು ಸಂಜೆ ಹೇಮಲತಾ ಶಾಲೆಯಿಂದ ಓಡಿಬಂದಳು. ಪ್ರಬಂಧ ಸ್ಪರ್ಧೆಯಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಳು, ಕೈಯಲ್ಲಿ ಸ್ಟೀಲಿನ ಲೋಟದಂಥ ಒಂದು ಕಪ್ಪು. ಜಗಲಿಯ ಮೇಲೆ ಕೂತಿದ್ದ ಅಪ್ಪ ಅವಳನ್ನು ನೋಡಿ, ಅಭ್ಯಾಸಬಲದಿಂದ, ಕಾಲು ಮುಂದೆ ಚಾಚಿದ. ಹುಡುಗಿ ಒಂದು ಗಳಿಗೆ ನಿಂತಳು. ಬಗ್ಗಿ ಪಾದ ಮುಟ್ಟಿದಳು, ಕಪ್ಪನ್ನು ಬ್ಯಾಗಿನೊಳಗೆ ತುರುಕಿ ಒಳಗೆ ಹೋದಳು.

ಪ್ರಮೀಳಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊರಗೆ ಬಂದು ಅವನ ಎದುರಿಗೆ ಕೂತಳು, ಕೆಳಗಲ್ಲ, ಜಗಲಿಯ ಮೇಲೇ, ಸಮಕ್ಕೆ.

“ಮಾಲೆ ತೆಗೀರಿ.”

“ತೆಗೆದ್ರೆ ಕುಡೀತೀನಿ ಕಣೇ.”

“ಕುಡುಕನ ಜೊತೆ ಹದಿನಾರು ವರ್ಷ ಬಾಳಿದೀನಿ. ಸ್ವಾಮಿ ಜೊತೆ ನನ್ ಕೈಲಾಗಲ್ಲ. ಕುಡಿದಾಗ ನೀವು ಬೆಳಿಗ್ಗೆ ಎದ್ದು ನಾಚಿಕೆನಾದ್ರೂ ಪಟ್ಕೊತಿದ್ರಿ. ಈಗ ಅದೂ ಇಲ್ಲ. ಮಗಳು ಏನ್ ತಂದಿದ್ಲು ಅಂತ ನೋಡಿದ್ರಾ?”

ಅವನು ನೋಡಿರಲಿಲ್ಲ. ಪ್ರಮೀಳಾ ಹೇಳಿದಳು. ಅಂಜನಮೂರ್ತಿ ತನ್ನ ಚಾಚಿದ ಕಾಲನ್ನು ನೋಡಿಕೊಂಡ, ನಿಧಾನವಾಗಿ ಒಳಗೆಳೆದುಕೊಂಡ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಂಟು ವರ್ಷದ ವ್ರತದಲ್ಲಿ ಆಗದಿದ್ದದ್ದು ಅದು.

ಮರುದಿನ ಖಲೀಲುಲ್ಲಾನ ಶಾಪಿನಲ್ಲಿ ಕೂತು ಎಲ್ಲ ಹೇಳಿದ. ಅಂಜನಮೂರ್ತಿಯ ಅಪ್ಪ ಅದೇ ಗುಬ್ಬಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ಕುಡಿದೇ ಸತ್ತವರು. ಸತ್ತಾಗ ಇವನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಮೇಷ್ಟ್ರಾಗುವ ಕನಸಿನಲ್ಲಿದ್ದ. ಅನುಕಂಪದ ಆಧಾರದ ಮೇಲೆ ಕೆಲಸ ಕೊಟ್ಟರು. ಗುಮಾಸ್ತನ ಹುದ್ದೆ ಖಾಲಿಯಿಲ್ಲ, ಅಪ್ಪನ ಸ್ಟೂಲು ಖಾಲಿಯಿದೆ ಎಂದರು. ಮೊದಲ ದಿನವೇ ಆಗಿನ ಸಾಹೇಬರು ತಮ್ಮ ಊಟದ ಕ್ಯಾರಿಯರ್ ತೊಳೆಸಿ, ಬೂಟು ಒರೆಸಲು ಹಚ್ಚಿ, “ಅಪ್ಪನ್ ಹಂಗೇ ಇದೀಯ ಕಣ್ಲಾ, ಕೆಲ್ಸಕ್ಕೆ ಬರ್ತೀಯ” ಎಂದು ನಕ್ಕರಂತೆ. ಸಂಜೆ ಹಿರಿಯ ಅಟೆಂಡರ್ ಚಿಕ್ಕಮಾರಯ್ಯ ಇವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, “ಇದನ್ನ ಹಾಕ್ಕೊ ಮಗ. ನಾಳೆಯಿಂದ ಏನ್ ಅಂದ್ರೂ ಕೇಳ್ಸಲ್ಲ” ಎಂದು ಪ್ಯಾಕೆಟ್ಟು ಕೊಟ್ಟರು. ಪಾಪ, ಪ್ರೀತಿಯಿಂದಲೇ ಕೊಟ್ಟದ್ದು.

“ನಿಜ್ವಾಗ್ಲೂ ಕೇಳ್ಸಲಿಲ್ಲ ಕಣೋ ಖಲೀಲ” ಎಂದ ಅಂಜನಮೂರ್ತಿ. “ಆಮೇಲೆ ಮಾಲೆ ಹಾಕ್ದಾಗ ಯಾರೂ ಅನ್ನೋದೇ ಬಿಟ್ರು. ಅದಕ್ಕೇ ಬೇಕಾಗ್ತಿರ್ಲಿಲ್ಲ.”

“ಈಗ ಎರಡೂ ಇಲ್ದೆ ಹೋಗ್ಬೇಕಲ್ಲ” ಎಂದ ಖಲೀಲುಲ್ಲಾ.

“ಹೆಂಗೆ ಹೋಗ್ಲಿ?”

“ನಂಗೊತ್ತಿಲ್ಲ. ಭಾನುವಾರ ಬಾ. ಅಲ್ಲಿ ಯಾರಿಗೂ ಗೊತ್ತಿಲ್ಲ, ಆದ್ರೂ ಹೋಗ್ತಾ ಇದಾರೆ.”

ಶನಿವಾರ ಕದರಯ್ಯನವರ ಮುಂದೆ ಮಾಲೆ ತೆಗೆದ. “ಸದ್ಯ” ಎಂದರು ಗುರುಸ್ವಾಮಿ. “ಅಯ್ಯಪ್ಪನೇ ಯಾತ್ರೆ ಮುಗಿದ್ರೆ ಗುಡಿ ಬಾಗಿಲು ಮುಚ್ಕಂಡು ಒಳಗಿರ್ತಾನೆ, ನೀನು ವರ್ಷವೆಲ್ಲಾ ಬಾಗಿಲು ತೆಕ್ಕಂಡು ಕೂತಿದ್ಯಲ್ಲಪ್ಪ.” ಭಾನುವಾರ ಶಾಲೆಯ ಕೋಣೆಗೆ ಹೋದ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಹತ್ತಾರು ಗಂಡಸರು ಕೂತಿದ್ದರು. ಒಬ್ಬ ಮೇಷ್ಟ್ರು, ಒಬ್ಬ ಆಟೋ ಡ್ರೈವರ್, ಕಾರಿಟ್ಟುಕೊಂಡವನೊಬ್ಬ. ಯಾರೂ ಇವನ ಕಾಲು ಮುಟ್ಟಲಿಲ್ಲ, ಟೀ ತಾ ಎನ್ನಲೂ ಇಲ್ಲ. ಟೀ ತಂದುಕೊಟ್ಟವನು ಕಾರಿನವನು. ಅಂಜನಮೂರ್ತಿಗೆ ಆ ಲೋಟ ಹಿಡಿದುಕೊಳ್ಳಲು ಮುಜುಗರವಾಯಿತು. ಹಿಡಿದುಕೊಂಡ.

ಸೋಮವಾರ ಪ್ಯಾಂಟು, ಅಂಗಿ, ಚಪ್ಪಲಿ. ಕುರ್ಚಿ ಮಾಯವಾಗಿ ಸ್ಟೂಲು ಬಂದಿತ್ತು. ಒಳಗಿನಿಂದ ಸಾಹೇಬರು ಗಂಟೆ ಬಾರಿಸಿದರು. ಆರು ತಿಂಗಳ ಸಿಟ್ಟನ್ನು ಸಾಹೇಬರು ಒಂದೇ ಸಲಕ್ಕೆ ತೀರಿಸಿಕೊಂಡರು. “ಏನ್ಲಾ, ಇಳಿದು ಬಂದ್ಯಾ? ದೇವ್ರಾಗಿದ್ದಿದ್ದು ಸಾಕಾ? ಓಡು, ಟೀ ತಗಂಬಾ.” ಅಂಜನಮೂರ್ತಿ ಫ್ಲಾಸ್ಕ್ ತೆಗೆದುಕೊಂಡು ಹೋದ. ಹೋಟೆಲಿನ ಎರಡು ಬಾಗಿಲು ಆಚೆಗೆ ಸಾರಾಯಿ ಅಂಗಡಿ. ಅಂಗಡಿಯವನು ದೂರದಿಂದಲೇ ಕೈಯೆತ್ತಿ ಕರೆದ. ಬಾಯಿ ಒಣಗಿತು, ಕಾಲು ಆ ಕಡೆಗೇ ತಿರುಗಿತು. ಅಲ್ಲಿಗೆ ಹೋದರೆ ಏನೂ ಕೇಳಿಸುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿಸಲಿ, ಏನಾಗುತ್ತೆ ನೋಡೋಣ ಎಂದುಕೊಂಡು, ಟೀ ತುಂಬಿಸಿಕೊಂಡು ವಾಪಸ್ ಬಂದ. ಮೇಜಿನ ಮೇಲೆ ಇಟ್ಟ.

“ಸಾರ್, ಟೀ ತರೋದು ನನ್ ಕೆಲ್ಸ, ತರ್ತೀನಿ. ಏನ್ಲಾ ಅಂತ ಮಾತ್ರ ಅನ್ಬೇಡಿ. ನಂಗೂ ನಲವತ್ತು ವರ್ಷ ಆಯ್ತು.”

ಮಾತು ಪೂರ್ತಿ ಹೊರಗೆ ಬಂತು. ಸಾಹೇಬರು ಪಶ್ಚಾತ್ತಾಪಪಟ್ಟರು ಎಂದು ಬರೆಯಲು ನನಗೂ ಆಸೆ. ಅವರು ಮೂರು ತಿಂಗಳಲ್ಲಿ ಅವನನ್ನು ಕುಣಿಗಲ್ಲಿಗೆ ವರ್ಗ ಮಾಡಿಸಿದರು. ಹೆಂಡತಿ ಸಿಟ್ಟು ಮಾಡಿಕೊಂಡು ಹೋಗಬೇಕಾಗಿದ್ದ ಊರಿಗೆ ಗಂಡ ಸರ್ಕಾರಿ ಆದೇಶದ ಮೇಲೆ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದ. ಅಲ್ಲಿಯ ಸಾಹೇಬರು “ಏನಯ್ಯ” ಎನ್ನುತ್ತಿದ್ದರು. ಅಷ್ಟೇ ಬಡ್ತಿ.

ಬಿಟ್ಟೇಬಿಟ್ಟ ಅನ್ನುವ ಹಾಗೂ ಇಲ್ಲ. ಮರುವರ್ಷ ಹೇಮಲತಾಗೆ ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಬಂದ ದಿನ, ಯಾರೂ ಬೈಯದೆ, ಬರೀ ಸಂತೋಷಕ್ಕೆ, ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಪ್ಯಾಕೆಟ್ ಕುಡಿದ. ಅವಮಾನಕ್ಕೆ ಮಾತ್ರ ಕಾವಲು ಹಾಕಿ ಕೂತಿದ್ದ, ಸಂತೋಷ ಹಿತ್ತಲ ಬಾಗಿಲಿಂದ ಬಂತು. ಆದರೆ ಈ ಸಲ ಮೊದಲಿನಂತೆ ವಾಸನೆ ಮುಚ್ಚಲು ಏಲಕ್ಕಿ ಅಗಿಯಲಿಲ್ಲ, ಬಸ್ಸಿನಲ್ಲಿ ಯಾರೋ ಮೈಮೇಲೆ ಸಾರಾಯಿ ಚೆಲ್ಲಿದರು ಎಂದು ಕಥೆ ಕಟ್ಟಲಿಲ್ಲ. ಮನೆಗೆ ಬಂದು ಹೊಸ್ತಿಲಲ್ಲೇ ನಿಂತು, “ಇವತ್ತು ಕುಡಿದೆ” ಎಂದ.

ಪ್ರಮೀಳಾ ಗೋಡೆಗೆ ಒರಗಿದಳು. ಅಣ್ಣನ ಮನೆಗೆ ಹೋಗುವ ಮಾತು ಅವಳ ಬಾಯಿವರೆಗೆ ಬಂದದ್ದು ಅವನಿಗೆ ಕಾಣುತ್ತಿತ್ತು. ಮಾತಾಡಿದವಳು ಹೇಮಲತಾ.

“ಅಪ್ಪಾ, ಮುಂದಿನ್ ವಾರ ಕಾಲೇಜ್ ಸೇರ್ಸೋಕೆ ಬರ್ಬೇಕು. ಕುಡಿದಿದ್ರೆ ಬರ್ಬೇಡ. ಅಮ್ಮನ್ನ ಕರ್ಕಂಡ್ ಹೋಗ್ತೀನಿ.”

ಅವನು ಆ ವಾರ ಪೂರ್ತಿ ಕುಡಿಯಲಿಲ್ಲ. ಎರಡು ಸಂಜೆ ಖಲೀಲುಲ್ಲಾನ ಶಾಪಿನಲ್ಲಿ ಕಬ್ಬಿಣದ ಸರಳು ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಒಂದು ಸಂಜೆ ಅತ್ತ. ಸೋಮವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳ ಜೊತೆ ಕಾಲೇಜಿಗೆ ಹೋಗಿ, ಕೌಂಟರಿನ ಮುಂದೆ ಸಾಲಿನಲ್ಲಿ ನಿಂತ. ಮುಂದೆ ನಿಂತವರ ಅಪ್ಪಂದಿರು ಇಂಜಿನಿಯರು, ಕೊಬ್ಬರಿ ಮಂಡಿ ಮಾಲೀಕರು, ಲೆಕ್ಚರರು. ಗುಮಾಸ್ತ ಗಟ್ಟಿಯಾಗಿ ಕೇಳುತ್ತಿದ್ದ, ಅವರು ಗಟ್ಟಿಯಾಗಿ ಹೇಳುತ್ತಿದ್ದರು. ಇಷ್ಟು ವರ್ಷವೂ ಅಂಜನಮೂರ್ತಿ ಮಗಳ ಶಾಲೆಯಲ್ಲಿ ತನ್ನ ಕೆಲಸ ಸರ್ಕಾರಿ ನೌಕರ ಎಂದಷ್ಟೇ ಬರೆಸಿ ಜಾರಿಕೊಂಡಿದ್ದ.

“ಅಪ್ಪ ಏನ್ ಮಾಡ್ತಾರಮ್ಮ?” ಎಂದ ಗುಮಾಸ್ತ ತಲೆಯೆತ್ತದೆ.

ಅಂಜನಮೂರ್ತಿ ಬಾಯಿ ತೆರೆಯುವ ಮೊದಲೇ ಹೇಮಲತಾ ಹೇಳಿದಳು, ಸಾಲಿನ ಕೊನೆಯವನಿಗೂ ಕೇಳುವಂತೆ. “ಕುಣಿಗಲ್ಲಲ್ಲಿ ಅಟೆಂಡರ್ ಸಾರ್. ಕುಡಿತ ಬಿಡ್ತಾ ಇದಾರೆ.”

ಗುಮಾಸ್ತನ ಪೆನ್ನು ನಿಂತಿತು. ಅವನು ತಲೆಯೆತ್ತಿ ಹುಡುಗಿಯನ್ನು ನೋಡಿದ, ಅವಳ ಅಪ್ಪನನ್ನು ನೋಡಿದ. “ಅದನ್ನ ಬರ್ಕೊಳ್ಳೋಕೆ ಇಲ್ಲಿ ಜಾಗ ಇಲ್ವಲ್ಲಮ್ಮ” ಎಂದ, ಮೆತ್ತಗೆ.

ಇಪ್ಪತ್ತು ವರ್ಷ ಯಾವ ಎರಡು ಮಾತು ತನ್ನ ಕಿವಿಗೆ ಬೀಳದಿರಲಿ ಎಂದು ಅಂಜನಮೂರ್ತಿ ಕುಡಿದಿದ್ದನೋ, ಆ ಎರಡನ್ನೂ ಮಗಳು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು, ಮತ್ತೆ ತಮ್ಮ ತಮ್ಮ ಕಾಗದ ನೋಡಿಕೊಂಡರು. ಇಷ್ಟೇನಾ ಎಂದುಕೊಂಡ ಅಂಜನಮೂರ್ತಿ. ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹಿಂದಿನವರು ತಳ್ಳುತ್ತಿದ್ದರು. ಮಗಳು ಅವನ ಮೊಣಕೈ ಹಿಡಿದು, “ಬಾ ಅಪ್ಪ, ಇಲ್ಲಿ ನೀನು ಸೈನ್ ಹಾಕ್ಬೇಕು” ಎಂದಳು.